ಇಬ್ಬರು ಅಭಿಮಾನಿಗಳ ನಡುವಿನ ಒಂದು ಸೆಕೆಂಡು

ಆತ ಕೈ ಚಾಚಿದ. ಮಾದೋಕಾ ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು!

"ಇವತ್ತು ಬಂದಿದ್ದಕ್ಕೆ ತುಂಬಾ ಥ್ಯಾಂಕ್ಸ್! ಮತ್ತೆ ಬರ್ತೀರಲ್ವಾ?"

ಮಾತು ಬಾಯಿಂದ ಬಿದ್ದ ಮೇಲೆಯೇ ಆತನ ಬೆರಳುಗಳಲ್ಲಿದ್ದ ಅಳತೆ ಟೇಪು ಅವಳಿಗೆ ಕಾಣಿಸಿದ್ದು.

ಸಿನಿಮಾ ಸೆಟ್ಟಿನಲ್ಲಿ ಮೂವತ್ತು ಜನರಿದ್ದರು. ಮೊದಲು ಲೈಟ್ ಹುಡುಗರ ಕಡೆಯಿಂದ ಒಂದು ನಗು ಎದ್ದಿತು. ಅದರ ಹಿಂದೆ ಹೆಚ್ಚುಕಡಿಮೆ ಎಲ್ಲರೂ ನಕ್ಕರು.

"ಇಲ್ಲ... ನಾನು... ಫೋಕಸ್‌ನವನು," ಎಂದ ಆತ. ಕಿವಿ ಕೆಂಪಾಗಿದ್ದವು. "ಕ್ಯಾಮೆರಾದಿಂದ ನಿಮ್ಮ ಕಣ್ಣಿಗೆ ಎಷ್ಟು ದೂರ ಅಂತ ಅಳೀಬೇಕಿತ್ತು. ಕೈ ಬಿಟ್ರೆ ಅಳೀತೀನಿ."

'ಅಯ್ಯೋ ದೇವರೇ... ಮೊದಲನೇ ದಿನವೇ!'

ಪಾಪ, ಅವಳದೇನು ತಪ್ಪು? ಹದಿನಾರನೇ ವಯಸ್ಸಿನಿಂದ ಎಂಟು ವರ್ಷ ಅವಳು 'ಹಿಯೋರಿ ಹದಿನಾರು' ಎಂಬ ಹುಡುಗಿಯರ ಹಾಡಿನ ಗುಂಪಿನಲ್ಲಿದ್ದವಳು. ಅಭಿಮಾನಿಗಳು ಸಾಲಿನಲ್ಲಿ ಬರುತ್ತಾರೆ. ಒಬ್ಬೊಬ್ಬರಿಗೆ ಹತ್ತು ಸೆಕೆಂಡು ಕೈಕುಲುಕಬೇಕು, ನಗಬೇಕು, ಹೆಸರು ನೆನಪಿಟ್ಟುಕೊಳ್ಳಬೇಕು. ಹತ್ತಾದ ಕೂಡಲೇ ಪಕ್ಕದಲ್ಲಿ ನಿಂತ 'ಬಿಡಿಸುವವನು' ಅಭಿಮಾನಿಯ ಭುಜ ಹಿಡಿದು ಆಚೆ ಸಾಗಿಸುತ್ತಾನೆ. ಆ ಬಿಡಿಸುವವನ ಮುಖವನ್ನು ಮಾತ್ರ ಯಾವ ಹುಡುಗಿಯೂ ನೋಡುವುದಿಲ್ಲ. ಹೀಗೆ ಎಂಟು ವರ್ಷ ನಡೆದ ಮೇಲೆ, ಚಾಚಿದ ಕೈ ಕಂಡರೆ ಹಿಡಿಯುವುದೇ ಅವಳ ಸ್ವಭಾವವಾಗಿಹೋಗಿತ್ತು.

"ಒಂದು ಮೀಟರ್ ನಲವತ್ತು," ಎಂದು ಆತ ಅಳೆದು ಹೇಳಿದ. ಆತನ ಹೆಸರು ರೆಂಜಿ ಹತಾನಕ. ಅಳತೆ ಹೇಳುವಾಗ ಆತ ನಗಲಿಲ್ಲ ಎನ್ನುವುದನ್ನು ಮಾದೋಕಾ ಗಮನಿಸಿದಳು. ಇಡೀ ಸೆಟ್ಟಿನಲ್ಲಿ ನಗದೇ ಇದ್ದವರು ಇಬ್ಬರೇ. ಒಬ್ಬ ರೆಂಜಿ, ಇನ್ನೊಬ್ಬರು ನಿರ್ದೇಶಕಿ ಒನೊದೆರಾ.

ಒನೊದೆರಾ ನಗದಿದ್ದ ಕಾರಣವೇ ಬೇರೆ...

ಆ ಇಡೀ ದಿನ ಕ್ಯಾಮೆರಾದ ಕೆಂಪು ದೀಪ ಹತ್ತಿದ ಕೂಡಲೇ ಮಾದೋಕಾಳ ಕಣ್ಣು ನೇರವಾಗಿ ಲೆನ್ಸಿಗೆ ಹೋಗುತ್ತಿತ್ತು. ತುಟಿ ತಾನಾಗಿ ಅರಳುತ್ತಿತ್ತು. ವೇದಿಕೆಯ ಮೇಲೆ ಅದೇ ಅವಳ ಜಾಣತನವಾಗಿತ್ತು. ಗುಂಪು ಬಿಟ್ಟ ಮೇಲೆ ಮಾಡಿದ ಮಾಡೆಲಿಂಗಿನಲ್ಲೂ ಅದೇ ಅನ್ನ ಹಾಕಿತ್ತು. ಆದರೆ ಇದು ಸಿನಿಮಾ. ಊಟದ ಡಬ್ಬಿ ಮಾರುವ ಪುಟ್ಟ ಅಂಗಡಿಯ ಫುಮಿ ಎಂಬ ಹೆಂಗಸು ಲೆನ್ಸ್ ನೋಡಿ ನಗುವುದುಂಟೇ?

ಏಳನೇ ಟೇಕ್ ಮುಗಿದಾಗ ಒನೊದೆರಾ ಕುರ್ಚಿಯಿಂದ ಎದ್ದು ಬಂದರು. ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ.

"ನೋಡಮ್ಮಾ, ಗುರುವಾರ ಫುಮಿ ಒಬ್ಬಳೇ ಕೂತ್ಕೊಳ್ಳೋ ದೃಶ್ಯ ಇದೆ. ಗಂಡ ಇನ್ನು ಬರಲ್ಲ ಅಂತ ಸುದ್ದಿ ಬಂದಿದೆ. ಮಾತಿಲ್ಲ, ಅಳು ಇಲ್ಲ. ಒಂದು ನಿಮಿಷ ಬಾಗಿಲು ನೋಡ್ತಾ ಕೂತಿರ್ತಾಳೆ. ಅದು ಬಂದ್ರೆ ನೀನೇ ಫುಮಿ. ಬರ್ಲಿಲ್ಲ ಅಂದ್ರೆ... ಇನ್ನೊಬ್ಬಳನ್ನ ಕೇಳಿ ಇಟ್ಟಿದ್ದೀನಿ."

ಕಾರಿನಲ್ಲಿ ಮ್ಯಾನೇಜರ್ ತ್ಸುಗೆ ಉಸಿರೆಳೆದುಕೊಂಡಳು. ಗುಂಪಿನ ದಿನಗಳಿಂದಲೂ ಮಾದೋಕಾಳ ನೆರಳಿನಂತೆ ಇರುವ ಹೆಂಗಸು.

"ಮಾದೋ, ನೇರವಾಗಿ ಹೇಳ್ತೀನಿ ಕಣೇ. ಇದು ಕೈತಪ್ಪಿದ್ರೆ ನಿಂಗೆ ಉಳಿಯೋದು ಕಾಲುಚೀಲದ ಜಾಹೀರಾತು. ಅದೂ ಕಾಲು ಮಾತ್ರ ತೋರಿಸ್ತಾರೆ, ಮುಖ ಅಲ್ಲ."

ಮಾದೋಕಾ ನಕ್ಕಳು. 'ನಗೋದು ಬಿಟ್ಟು ನಂಗೆ ಬೇರೆ ಏನು ಬರುತ್ತೆ? ಆ ನಗು ತೆಗೆದ್ರೆ ಒಳಗೆ ಯಾರಾದ್ರೂ ಇದ್ದಾರಾ...?'

* * *

ಮಂಗಳವಾರ ಬೆಳಿಗ್ಗೆ ಲೆನ್ಸಿನ ಪಕ್ಕದಲ್ಲಿ, ಒಂದು ಗೇಣು ದೂರಕ್ಕೆ, ಬೆರಳಗಲದ ಅಂಟು ಟೇಪಿನ ತುಂಡೊಂದು ಅಂಟಿತ್ತು. ತಿಳಿ ನೇರಳೆ ಬಣ್ಣ.

"ಕೆಂಪು ದೀಪ ಹತ್ತಿದ್ರೆ ಇದನ್ನ ನೋಡಿ," ಎಂದ ರೆಂಜಿ ಮೆಲ್ಲಗೆ. "ಲೆನ್ಸು ಬೇಡ. ಅದರಲ್ಲಿ ನೋಡೋ ಅಂಥದ್ದೇನೂ ಇಲ್ಲ, ಬರೀ ಗಾಜು."

"ಎಂಟು ವರ್ಷ ಅದನ್ನೇ ನೋಡ್ಕೊಂಡು ಬದುಕಿದ್ದೀನಿ ನಾನು!"

"ಅದೂ ನಿಮ್ಮನ್ನೇ ನೋಡಿ ನೋಡಿ ಸುಸ್ತಾಗಿರಬಹುದು. ಸ್ವಲ್ಪ ರಜೆ ಕೊಡಿ."

ಅವಳಿಗೆ ನಗು ಬಂತು. ಬಹಳ ದಿನಗಳ ಮೇಲೆ ತಾನಾಗಿ ಬಂದ ನಗು. ಅಂದು ಲೆನ್ಸಿಗೆ ಕಣ್ಣು ಹೋದದ್ದು ನಾಲ್ಕೇ ಸಲ.

ಮಧ್ಯಾಹ್ನ ಅಂಗಡಿಯ ಹಿತ್ತಲಿನ ಮೆಟ್ಟಿಲ ಮೇಲೆ ಇಬ್ಬರೂ ತಣ್ಣಗಿನ ಅನ್ನದ ಡಬ್ಬಿ ಹಿಡಿದು ಕೂತರು. ಫೆಬ್ರವರಿಯ ಬಿಸಿಲಿಗೆ ಬಿಸಿಯೇ ಇರಲಿಲ್ಲ. ರೆಂಜಿ ತನ್ನ ಡಬ್ಬಿಯಲ್ಲಿದ್ದ ಸಿಹಿ ಮೊಟ್ಟೆಯನ್ನು ಏನೂ ಹೇಳದೆ ಅವಳ ಡಬ್ಬಿಗೆ ದಾಟಿಸಿದ.

"ಯಾಕೆ?"

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಕೆನ್ನೆ ಒಳಗೆ ಹೋದ್ರೆ ನನ್ನ ಅಳತೆ ತಪ್ಪುತ್ತೆ."

'ಇವನು ನನ್ನನ್ನ ನೋಡ್ತಾನೆ. ವೇದಿಕೆ ಮೇಲಿನ ಮಾದೋಕಾನ ಅಲ್ಲ... ನನ್ನನ್ನ!' ಎದೆಯಲ್ಲಿ ಬೆಚ್ಚಗಾಯಿತು. ಬೆನ್ನಲ್ಲೇ ಭಯವೂ ಆಯಿತು. ಏಜೆನ್ಸಿಯ ಒಪ್ಪಂದದಲ್ಲಿ ಪ್ರೇಮಕ್ಕೆ ಜಾಗವಿರಲಿಲ್ಲ. ಮಾರ್ಚ್ ಮೂವತ್ತೊಂದರವರೆಗೆ ಅವಳು ಯಾರನ್ನೂ ಪ್ರೀತಿಸುವಂತಿಲ್ಲ ಎಂದು ಅವಳೇ ಸಹಿ ಮಾಡಿದ್ದಳು.

ಅಷ್ಟರಲ್ಲಿ ಆತ ಕೇಳಿದ, "ಎಡಗೈ ಹೆಬ್ಬೆರಳು ಈಗ್ಲೂ ನೋಯುತ್ತಾ?"

ಮಾದೋಕಾ ಡಬ್ಬಿಯನ್ನು ತೊಡೆಯ ಮೇಲಿಟ್ಟಳು.

ಕೈಕುಲುಕಿ ಕುಲುಕಿ ಆ ಬೆರಳಿನ ನರ ಬಾತದ್ದು ಆರು ವರ್ಷದ ಹಿಂದೆ, ಮಕುಹಾರಿಯ ಸಭಾಂಗಣದಲ್ಲಿ. ಯಾರಿಗೂ ಹೇಳಿರಲಿಲ್ಲ. ಗೊತ್ತಿರಬೇಕೆಂದರೆ ಅಂದು ಅವಳ ಹತ್ತಿರ ನಿಂತವರಿಗೆ ಮಾತ್ರ ಗೊತ್ತಿರಬೇಕು. ಅವಳಿಗೆ ತಟ್ಟನೆ ಲೆನ್ಸಿನ ಪಕ್ಕದ ಟೇಪು ನೆನಪಾಯಿತು. ತಿಳಿ ನೇರಳೆ! ಗುಂಪಿನಲ್ಲಿ ಅವಳದೇ ಬಣ್ಣ. ಎಂಟು ವರ್ಷ ಕತ್ತಲ ಸಭಾಂಗಣಗಳಲ್ಲಿ ಅವಳ ಅಭಿಮಾನಿಗಳು ಬೀಸಿದ ದೀಪದ ಬಣ್ಣ...

"ನೀವು... ಮಕುಹಾರಿಯ ಸಭಾಂಗಣಕ್ಕೆ ಬಂದಿದ್ರಾ?"

ರೆಂಜಿ ತಲೆ ತಗ್ಗಿಸಿದ. "ಬಂದಿದ್ದೆ. ಒಂದೇ ದಿನ. ಆದ್ರೆ ಅದು..."

ಅವಳು ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಡಬ್ಬಿಯನ್ನು ಮೆಟ್ಟಿಲ ಮೇಲೆ ಬಿಟ್ಟು ಎದ್ದು ಹೋದಳು. ಸಾಲಿನಲ್ಲಿ ನಿಂತವನು! ಹತ್ತು ಸೆಕೆಂಡು ಸಾಲದೆ ಸೆಟ್ಟಿನವರೆಗೂ ಬಂದವನು! ಸಿಹಿ ಮೊಟ್ಟೆ ಕೊಟ್ಟದ್ದು ನನಗಲ್ಲ, ಪೋಸ್ಟರಿನಲ್ಲಿರುವ ಆ ಹುಡುಗಿಗೆ ಎಂದು ಅವಳಿಗೆ ಅನ್ನಿಸಿತು. ಬಹಳ ನೋವಾಯಿತು.

ಆ ನೋವಿನಲ್ಲೇ ಅವಳು ತ್ಸುಗೆಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಅಭಿಮಾನಿನಾ? ಸೆಟ್ಟಿನಲ್ಲಾ?" ತ್ಸುಗೆಯ ಮುಖ ಬಿಳುಚಿಕೊಂಡಿತು. ಸಿನಿಮಾ ತಂಡದವರಿಗೆ ದೂರು ಕೊಡಲು ತಕ್ಷಣ ಫೋನ್ ಎತ್ತಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

* * *

ಬುಧವಾರ ಟೇಪು ಹಿಡಿದು ಬಂದವನು ಬೇರೆ ಯಾರೋ. ಕಣ್ಣಿಗೆ ಚುಚ್ಚಿಬಿಡುತ್ತಾನೋ ಎನ್ನುವ ಹಾಗೆ ಟೇಪು ಚಾಚಿದ. ಮಾದೋಕಾ ಅಂದು ಲೆನ್ಸನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಒನೊದೆರಾ ಬೈಯಲೂ ಇಲ್ಲ. ಬೈಯದಿದ್ದದ್ದೇ ಹೆಚ್ಚು ದಿಗಿಲು ಹುಟ್ಟಿಸಿತು.

ಸಂಜೆ ಎಲ್ಲರೂ ಸಾಮಾನು ಕಟ್ಟುವಾಗ ಅವಳು ಕ್ಯಾಮೆರಾದ ಬಳಿ ಹೋದಳು. ನೇರಳೆ ತುಂಡು ಇನ್ನೂ ಅಲ್ಲೇ ಇತ್ತು. ಉಗುರಿನಿಂದ ಕೀಳಲು ಹೋದಳು.

"ಏಯ್, ಏಯ್! ಅದನ್ಯಾಕೆ ಕೀಳ್ತೀಯ?" ಎಂದು ಗದರಿದವನು ಮುದುಕ ಕುರೊಸು, ಛಾಯಾಗ್ರಾಹಕ.

"ಇದು ನನ್ನ ಬಣ್ಣ. ನಂಗೆ ಹಿಂಸೆ ಆಗುತ್ತೆ."

"ನಿನ್ನ ಬಣ್ಣನಾ?" ಕುರೊಸು ಪೆಟ್ಟಿಗೆಯ ಮುಚ್ಚಳ ತೆರೆದು ತೋರಿಸಿದ. ಒಳಗೆ ಸಾಲಾಗಿ ಟೇಪಿನ ಸುರುಳಿಗಳು. "ನಾಯಕನಿಗೆ ಹಳದಿ, ನಾಯಕಿಗೆ ನೇರಳೆ. ಹದಿನೈದು ವರ್ಷದಿಂದ ನನ್ನ ಪೆಟ್ಟಿಗೇಲಿ ಹೀಗೇ ಇದೆ. ಆಗ ನೀನು ಇನ್ನೂ ಮೂರನೇ ಕ್ಲಾಸೋ ಏನೋ."

ಮಾದೋಕಾಳ ಕೈ ಹಾಗೆಯೇ ನಿಂತಿತು.

"ಆದ್ರೆ... ಅವರು ನನ್ನ ಸಾಲಿಗೆ ಬಂದಿದ್ರಂತಲ್ಲ. ಅವರೇ ಒಪ್ಕೊಂಡ್ರು."

"ಯಾರು, ರೆಂಜಿನಾ? ಅವನು ಸಾಲಲ್ಲಿ ನಿಂತವನಲ್ಲ ತಾಯಿ, ಸಾಲನ್ನ ತಳ್ಳಿದವನು! ಓದೋ ಕಾಲಕ್ಕೆ ಒಂದು ದಿನದ ಕೂಲಿಗೆ ಹೋಗಿದ್ದ. ಬಿಡಿಸುವವನು. ಮಾರನೇ ದಿನ ನನ್ ಹತ್ರ ಬಂದು, ಆ ಕೆಲಸ ಇನ್ನು ಸತ್ರೂ ಮಾಡಲ್ಲ ಅಂದ. ಯಾಕೋ ಅಂದ್ರೆ, ಅಳ್ತಿದ್ದ ಒಬ್ಬ ಅಜ್ಜನ್ನ ಭುಜ ಹಿಡಿದು ತಳ್ಳಿದೆ ಅಂದ. ಆಮೇಲೆ ಒಂದು ಹುಡುಗಿ ವಿಷಯ ಹೇಳಿದ."

"ಏನಂತ...?"

"ಒಬ್ಬ ಅಭಿಮಾನಿ ಹೋಗಿ ಇನ್ನೊಬ್ಬ ಬರೋ ಮಧ್ಯೆ ಒಂದು ಸೆಕೆಂಡು ಇರುತ್ತಂತೆ. ಆಗ ಆ ಹುಡುಗಿ ಮೇಜಿನ ಕೆಳಗೆ ಹೆಬ್ಬೆರಳು ಒತ್ತಿಕೊಳ್ತಿದ್ಲಂತೆ. ಮುಖದಲ್ಲಿ ನಗು ಇರ್ತಿರಲಿಲ್ಲ, ಅಳೂ ಇರ್ತಿರಲಿಲ್ಲ. 'ಯಜಮಾನ್ರೇ, ಅಂಥ ಮುಖಕ್ಕೆ ಫೋಕಸ್ ಹಿಡಿಯೋಕೆ ಕಲಿಸಿ' ಅಂತ ಅಂದೇ ನನ್ನ ಹತ್ರ ಸೇರಿದ."

ಮಾದೋಕಾ ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

'ಬಿಡಿಸುವವನು... ನಾನು ಅವನ ಮುಖವನ್ನ ಒಂದು ಸಲಾನೂ ನೋಡಿಲ್ಲ. ಅವನು ನೋಡಿದ್ದ!'

* * *

ಗುರುವಾರ ಬೆಳಿಗ್ಗೆ ಅವಳು ಮೇಕಪ್ಪಿಗೂ ಮೊದಲು ಒನೊದೆರಾ ಎದುರು ಹೋಗಿ, ಇಡೀ ತಂಡ ನೋಡುತ್ತಿದ್ದಂತೆ ಸೊಂಟದವರೆಗೂ ಬಾಗಿದಳು.

"ಹತಾನಕ ಅವರದ್ದು ಏನೂ ತಪ್ಪಿಲ್ಲ ಮೇಡಂ. ಪೂರ್ತಿ ಕೇಳದೆ ದೂರು ಕೊಟ್ಟವಳು ನಾನು. ದಯವಿಟ್ಟು ಅವರನ್ನ ವಾಪಸ್ ಕರೀರಿ. ನನ್ನ ಪಾತ್ರ ಹೋದ್ರೂ ಪರವಾಗಿಲ್ಲ."

"ಮಾದೋ!" ತ್ಸುಗೆ ಹಿಂದಿನಿಂದ ತೋಳು ಹಿಡಿದೆಳೆದಳು. "ಜನ ಏನಂದ್ಕೊಳ್ತಾರೆ?"

"ಏನಾದ್ರೂ ಅಂದ್ಕೊಳ್ಳಲಿ ತ್ಸುಗೆ ಅಕ್ಕ. ತಪ್ಪು ನನ್ನದು."

ಒನೊದೆರಾ ಚಹಾದ ಲೋಟ ಕೆಳಗಿಟ್ಟರು. "ಅವನು ಗೋದಾಮಿನಲ್ಲಿ ಕೇಬಲ್ ಸುತ್ತುತ್ತಿದ್ದಾನೆ. ಕರೀರಿ. ಆ ಹೊಸಬ ಹೆಂಗೂ ಫೋಕಸ್ ಹಿಡಿಯಲ್ಲ."

ರೆಂಜಿ ಬಂದ. ಏನೂ ಆಗಿಲ್ಲವೆಂಬಂತೆ ಟೇಪು ಬಿಚ್ಚಿದ. ಅವಳು ಅಂಗಡಿಯ ಕಟ್ಟೆಯ ಹಿಂದೆ ಫುಮಿಯ ಬಟ್ಟೆಯಲ್ಲಿ ಕೂತಿದ್ದಳು. ಟೇಪಿನ ತುದಿ ಅವಳ ಕಣ್ಣಿನ ಹತ್ತಿರ ಬಂದು ನಿಂತಿತು.

"ಕ್ಷಮಿಸಿ," ಎಂದಳು ತುಟಿ ಅಲುಗಿಸದೆ.

"ಒಂದು ಮೀಟರ್ ಹತ್ತು," ಎಂದು ಆತ ಜೋರಾಗಿ ಹೇಳಿ, ದನಿ ತಗ್ಗಿಸಿದ. "ನಾನೇ ಮೊದಲು ಹೇಳಬೇಕಿತ್ತು. ಆ ಕೆಲಸ ಮಾಡಿದ್ದೆ ಅನ್ನೋಕೆ ನಾಚಿಕೆ ಆಗ್ತಿತ್ತು."

"ಅವತ್ತು ನೀವು ನೋಡಿದ ಮುಖ... ಹೇಗಿತ್ತು? ಹೇಳಿ. ನಂಗೆ ಈಗ ಅದೇ ಬೇಕು."

"ಹೇಳಲ್ಲ."

"ಯಾಕೆ?"

"ಹೇಳಿದ್ರೆ ನೀವು ಅದನ್ನ ನಟಿಸ್ತೀರಿ. ಒಬ್ಬರು ಹೋದ್ರು. ಮುಂದಿನವರು ಇನ್ನೂ ಬಂದಿಲ್ಲ. ಸುಮ್ಮನೆ ಇರಿ, ಅಷ್ಟೇ."

ಕೆಂಪು ದೀಪ ಹತ್ತಿತು.

ಅವಳ ಕಣ್ಣು ಲೆನ್ಸಿನ ಕಡೆ ಹೊರಟಿತು. 'ಬೇಡ... ಬೇಡ!' ತುಟಿಯ ಮೂಲೆ ಆಗಲೇ ಮೇಲೇಳುತ್ತಿತ್ತು. ಅಷ್ಟರಲ್ಲಿ ಲೆನ್ಸಿನ ಪಕ್ಕದ ನೇರಳೆ ತುಂಡು ಕಂಡಿತು, ಅದರಾಚೆ ಬಾಗಿಲು. ಆ ಬಾಗಿಲಿನಿಂದ ಒಬ್ಬ ಹೋಗಿದ್ದಾನೆ. ಇನ್ನು ಯಾರು ಬರಬೇಕು? ಯಾರೂ ಇಲ್ಲ. ಸಾಲು ಮುಗಿದಿದೆ. ಯಾರಿಗಾಗಿ ನಗಬೇಕು?

ತುಟಿ ಮೆಲ್ಲಗೆ ಇಳಿಯಿತು. ಕಟ್ಟೆಯ ಕೆಳಗೆ ಅವಳ ಬಲಗೈ ಎಡಗೈಯ ಹೆಬ್ಬೆರಳನ್ನು ಹುಡುಕಿ ಒತ್ತಿತು. ಒಳಗೆ ಯಾರೂ ಇಲ್ಲವೆಂದು ಅವಳು ಹೆದರಿದ್ದಳಲ್ಲ... ಇದ್ದಳು. ದಣಿದ, ಸುಮ್ಮನೆ ಬಾಗಿಲು ನೋಡುವ ಒಬ್ಬ ಹೆಂಗಸು ಅಲ್ಲಿ ಕೂತಿದ್ದಳು.

ನಿಮಿಷ ಮುಗಿಯಿತು. ಒನೊದೆರಾ ಕಟ್ ಹೇಳಲಿಲ್ಲ. ಇನ್ನೂ ಅರ್ಧ ನಿಮಿಷ ಕಳೆಯಿತು.

"ಕಟ್." ಆಮೇಲೆ ಕುರ್ಚಿಯಿಂದ ಎದ್ದು, "ಆ ಇನ್ನೊಬ್ಬಳಿಗೆ ಬರೋದು ಬೇಡ ಅಂತ ಫೋನ್ ಮಾಡಿ. ನಡೀರಿ, ಊಟ ಮಾಡೋಣ."

ಮೂಲೆಯಲ್ಲಿ ತ್ಸುಗೆ ಮೂಗು ಒರೆಸಿಕೊಳ್ಳುತ್ತಿದ್ದಳು. ಕೇಳಿದರೆ ಶೀತ ಅಂದಳು.

* * *

ಮಾರ್ಚ್ ಹನ್ನೆರಡು, ಮಧ್ಯಾಹ್ನ. ಮಾದೋಕಾಳ ಕಡೆಯ ದೃಶ್ಯ ಮುಗಿಯಿತು. ರೂಢಿಯಂತೆ ತಂಡದವರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿ ಹೂಗುಚ್ಛ ಕೊಟ್ಟರು. ಅವಳು ಎಲ್ಲರಿಗೂ ಬಾಗಿದಳು. ಅತ್ತಳು ಕೂಡ.

ಹಿತ್ತಲಿನ ಮೆಟ್ಟಿಲ ಮೇಲೆ ರೆಂಜಿ ಟೇಪು ಒರೆಸುತ್ತ ಕೂತಿದ್ದ. ಅವಳು ಹೂಗುಚ್ಛ ಬದಿಗಿಟ್ಟು ಆತನ ಕೈಯಿಂದ ಟೇಪು ಕಸಿದುಕೊಂಡಳು. ತುದಿಯನ್ನು ಆತನ ಕಣ್ಣಿನ ಹತ್ತಿರ, ಸುರುಳಿಯನ್ನು ತನ್ನ ಕಣ್ಣಿನ ಹತ್ತಿರ ಹಿಡಿದಳು.

"ಎಷ್ಟಿದೆ, ಓದಿ."

"ಅರವತ್ತು ಸೆಂಟಿಮೀಟರ್..."

ಅವಳು ಒಂದು ಮೆಟ್ಟಿಲು ಹತ್ತಿರ ಸರಿದಳು. "ಈಗ?"

"ಮೂವತ್ತು." ಆತನ ಕಿವಿ ಮೊದಲನೇ ದಿನದಂತೆ ಕೆಂಪಾದವು. "ಇನ್ನೂ ಹತ್ತಿರ ಬಂದ್ರೆ ಫೋಕಸ್ ಆಗಲ್ಲ."

"ಆಗದಿದ್ರೆ ಬೇಡ." ಅವಳು ಟೇಪು ಕೆಳಗಿಟ್ಟಳು. "ನೀವಂದ್ರೆ ನಂಗೆ ಇಷ್ಟ. ಇದನ್ನ ಹೇಳೋಕೆ ಇವತ್ತು ಅನುಮತಿ ಇಲ್ಲ. ಮಾರ್ಚ್ ಮೂವತ್ತೊಂದಕ್ಕೆ ಒಪ್ಪಂದ ಮುಗಿಯುತ್ತೆ. ಇನ್ನೂ ಹತ್ತೊಂಬತ್ತು ದಿನ. ಅಲ್ಲೀತನಕ ಕಾಯ್ತೀರಾ...? ಬೇಡ ಅನ್ನಿಸಿದ್ರೆ ಈಗ್ಲೇ ಹೇಳಿಬಿಡಿ."

ರೆಂಜಿ ಒರೆಸುವ ಬಟ್ಟೆಯನ್ನು ಮಡಚಿಟ್ಟ.

"ಒಂದು ದಿನ ಒಂಬತ್ತು ಗಂಟೆ ನಿಮ್ಮ ಪಕ್ಕ ನಿಂತು ಎಲ್ಲರನ್ನೂ ಕಳಿಸಿದ್ದೀನಿ," ಎಂದ. "ಸಾಲಲ್ಲಿ ನಿಲ್ಲೋಕೆ ಮಾತ್ರ ನಂಗೆ ಅವಕಾಶ ಸಿಕ್ಕಿರಲಿಲ್ಲ. ಈಗ ನಿಲ್ತೀನಿ."

ಆತ ಕೈ ಚಾಚಿದ. ಈ ಸಲ ಆ ಕೈಯಲ್ಲಿ ಟೇಪು ಇರಲಿಲ್ಲ. ಮಾದೋಕಾ ಒಂದೇ ಕೈಯಿಂದ, ನೋಯುವ ಎಡಗೈಯಿಂದಲೇ, ಅದನ್ನು ಹಿಡಿದಳು. ಧನ್ಯವಾದ ಹೇಳಲಿಲ್ಲ, ನಗಲೂ ಇಲ್ಲ. ಸುಮ್ಮನೆ ಆತನನ್ನು ನೋಡಿದಳು.

"ಹತ್ತು ಸೆಕೆಂಡು ಆಯ್ತು," ಎಂದಳು ಸ್ವಲ್ಪ ಹೊತ್ತಿನ ಮೇಲೆ.

"ಆಯ್ತಾ? ನಾನು ಎಣಿಸ್ತಿರಲಿಲ್ಲ."