ಅಂಜೂರದ ಗಿಡಕ್ಕೆ ಸುತ್ತಿದ ಕೋಟು

“ಇದಕ್ಕೆ ಹೊದಿಕೆ ಸುತ್ತಿದವರು ಯಾರಪ್ಪಾ?” ಎಂದು ಬೇಲಿಯಾಚೆಯ ಬಯಲನ್ನು ಕೇಳಿದೆ. ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಹೋಟೆಲು ಕಟ್ಟಿಸಲೆಂದು ನಗರಸಭೆ ನಮ್ಮ ಬೀದಿಯನ್ನೆಲ್ಲ ವಶಪಡಿಸಿಕೊಂಡಿತ್ತು. ಪಕ್ಕದ ಅಸುಂತಾ ತನ್ನ ಮನೆ ಕೆಡವಿದ ವಾರವೇ ತೀರಿಕೊಂಡಳು. ಉಳಿದದ್ದು ನನ್ನ ಮನೆ, ಮತ್ತೆ ಅವಳ ಅಂಜೂರದ ಗಿಡ. ಇಟಲಿಯಿಂದ ಬಂದ ನಾವು ಅಮೆರಿಕದ ಈ ಕನೆಕ್ಟಿಕಟ್‌ನ ಚಳಿಗೆ ಅಂಜೂರ ಸಾಯಬಾರದೆಂದು ಹಳೆಯ ಬಟ್ಟೆ ಸುತ್ತುತ್ತೇವೆ. ಈ ಸಲ ಅದಕ್ಕೆ ಸುತ್ತಿದ್ದದ್ದು ಅಸುಂತಾಳ ಕಂದು ಕೋಟು. ಅದಕ್ಕೆ ಹಸಿರು ಗುಂಡಿ ಹೊಲಿದು, ಹೂಳುವ ಮುನ್ನ ಅವಳಿಗೆ ತೊಡಿಸಿದವಳು ನಾನೇ. ಸುತ್ತೆಲ್ಲ ಹಿಮ ಬಿದ್ದಿತ್ತು, ಕೋಟಿನ ಮೇಲೆ ಒಂದು ಹರಳೂ ಇರಲಿಲ್ಲ. ಮುಟ್ಟಿದರೆ ಮೈಯ ಬಿಸುಪು.

ಜಪಸರ ಹಿಡಿದು “ನಮೋ ಮರಿಯಾ” ಎಂದೆ. ಸಂಜೆ ಈ ಬೇಲಿಯ ಬಳಿ ಜಪದ ಮೊದಲರ್ಧ ನಾನು ಹೇಳಿದರೆ ಉಳಿದರ್ಧ ಅಸುಂತಾ ಹೇಳುತ್ತಿದ್ದಳು. ಆ ಉಳಿದರ್ಧ ಕೋಟಿನೊಳಗಿಂದ ಬಂತು, ಅವಳ ಕೆಮ್ಮಿನ ಸಮೇತ.

ನಗರಸಭೆಯ ಡಾಯ್ಲ್ ನನ್ನ ಹಿಂದೆಯೇ ನಿಂತಿದ್ದ. ಅವನ ಮುಖ ಬಿಳಿಚಿಕೊಂಡಿತ್ತು.

“ಗಿಡ ಕಡಿಯೋಕೆ ಬಂದ ಆಳುಗಳು ಆ ಕೋಟು ಮುಟ್ಟಲ್ಲ ಅಂತಾರೆ, ಅಜ್ಜಿ. ನೀವೇ ಬಿಚ್ಚಿಕೊಡಿ. ಈಸ್ಟರ್‌ವರೆಗೂ ನಿಮ್ಮ ಮನೆ ತಂಟೆಗೆ ಬರಲ್ಲ.”

“ಬಿಚ್ಚದಿದ್ರೆ?”

“ನಾಳೆ ಬೆಳಿಗ್ಗೆನೇ ಕೆಡವ್ತೀವಿ.”

“ಮನೆ ಕೆಡವೋ ಧೈರ್ಯ ಇದೆ, ಒಂದು ಕೋಟು ಬಿಚ್ಚೋಕಿಲ್ವಾ?”

“ದಮ್ಮಯ್ಯ ಅಜ್ಜಿ, ಬಿಚ್ಚಿ.”

“ಈ ಚಳೀಲಿ ಅವಳ ಮೈಮೇಲಿನ ಬಟ್ಟೆ ಬಿಚ್ಚೋದಾ? ಆಗಲ್ಲ. ಹೋಗು, ನನ್ನ ಮನೆ ಕೆಡವ್ಕೋ.”