ಹೂಂ ಅನ್ನುವವರೊಬ್ಬರು

"ಇದರಲ್ಲಿ ನಾನೆಲ್ಲಿ?"

ಲ್ಯಾಬಿನ ಬಾಗಿಲಲ್ಲಿ ನಿಂತವನು ಫೋನನ್ನು ಮುಂದೆ ಚಾಚಿದ. ಪರದೆಯ ಮೇಲೆ ಸಂಶೋಧಕಿ ತಾನೇ ಕೂತು ಮಾಡಿದ ಆ್ಯಪ್. ಬುಡಕಟ್ಟಿನ ಅಜ್ಜಿಯೊಬ್ಬಳು ತನ್ನ ಭಾಷೆಯಲ್ಲಿ ಕಥೆ ಹೇಳುತ್ತಿದ್ದರೆ ಚಿತ್ರಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.

ಸಂಶೋಧಕಿ ಅವನ ಮುಖ ನೋಡಿದ್ದು ಇದೇ ಮೊದಲು. ಆದರೆ ಆ ದನಿ... ಆರು ತಿಂಗಳು ಹೆಡ್‌ಫೋನಿನಲ್ಲಿ ಕೇಳಿದ ದನಿ. ಅಜ್ಜಿಯ ಕಥೆಗಳನ್ನು ರೆಕಾರ್ಡ್ ಮಾಡಿ, ಕನ್ನಡದಲ್ಲಿ ಅರ್ಥ ಬರೆದು ಕಳಿಸುತ್ತಿದ್ದ ಮೊಮ್ಮಗ!

"ಅಜ್ಜಿ ಒಂದೊಂದು ಮಾತು ಹೇಳಿದಾಗಲೂ ನಾನು ಹೂಂ ಅಂತಿದ್ದೆ. ಅದನ್ನೆಲ್ಲ ಏನ್ ಮಾಡಿದ್ರಿ?"

"ತೆಗೆದೆ... ಗೈಡ್ ಅದನ್ನ ನಾಯ್ಸ್, ಬೇಡದ ಸದ್ದು ಅಂದ್ರು."

ಗೈಡ್ ಅಂದಮೇಲೆ ಮುಗಿಯಿತು. ಪಿಎಚ್.ಡಿ. ಮಾಡುವವರಿಗೆ ಅದೇ ವೇದವಾಕ್ಯ.

"ನಮ್ಮಲ್ಲಿ ಹೂಂ ಅನ್ನೋರಿಲ್ದೆ ಯಾರೂ ಕಥೆ ಹೇಳಲ್ಲ ಮೇಡಂ. ಅಜ್ಜಿ ಹಾಸಿಗೆ ಹಿಡಿದಿದ್ಳು. ಖುಷಿಪಡ್ಲಿ ಅಂತ ಇದನ್ನ ಕೇಳಿಸ್ದೆ. 'ಅಷ್ಟು ದಿನ ನಾನೊಬ್ಬಳೇ ಮಾತಾಡ್ಕೊಂಡಿದ್ನಾ?' ಅಂದ್ಳು. ಆಮೇಲೆ ಬಾಯೇ ಬಿಡಲಿಲ್ಲ. ಹೋದ ವಾರ ತೀರ್ಕೊಂಡ್ಳು. ಆ ಭಾಷೆ ಬಲ್ಲೋನು ಈಗ ನಾನೊಬ್ನೇ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ನಾನು ಕಳಿಸಿದ್ದನ್ನ ಹಾಗೇ ವಾಪಸ್ ಕೊಡಿ, ಸಾಕು."

"ಕಂಪ್ಯೂಟರಲ್ಲಿ ಜಾಗ ಸಾಲದು ಅಂತ ಮೂಲ ರೆಕಾರ್ಡಿಂಗ್ ಅಳಿಸಿಬಿಟ್ಟೆ..."

ಅವನು ಬಾಗಿಲತ್ತ ತಿರುಗಿದ. ಬೈದಿದ್ದರೂ ವಾಸಿಯಿತ್ತು.

"ಒಂದ್ನಿಮಿಷ... ಇದನ್ನ ಕೇಳಿ ಹೋಗಿ."

ಕಂಪ್ಯೂಟರಿನಲ್ಲಿ ಅವಳೊಂದು ಫೋಲ್ಡರ್ ತೆರೆದು ಕೇಳಿಸಿದಳು. 'ಹೂಂ.' ನಿದ್ದೆಗಣ್ಣಿನದೊಂದು. ನಗು ತಡೆದುಕೊಂಡದ್ದೊಂದು. ಗಂಟಲು ಕಟ್ಟಿದ್ದು ಇನ್ನೊಂದು. ಕತ್ತರಿಸಿದ್ದೆಲ್ಲವೂ ಅಲ್ಲಿತ್ತು.

"ಎಸೆಯೋಕೆ ಮನಸ್ಸು ಬರ್ಲಿಲ್ಲ. ದಿನಾ ಕೇಳ್ತಿದ್ದೆ. ನನ್ನ ಮಾತನ್ನ ಯಾರೂ ಹೀಗೆ ಕೇಳಿಸ್ಕೊಂಡೇ ಇಲ್ಲ. ನೀವು ಕಪ್ಪಗೋ ಬೆಳ್ಳಗೋ ಗೊತ್ತಿಲ್ದೇನೇ... ಇಷ್ಟಪಟ್ಟುಬಿಟ್ಟೆ."

ಅವನು ಆ ಹೂಂಗಳನ್ನು ಒಂದೊಂದಾಗಿ ಕೇಳಿಸಿಕೊಂಡ.

"ಯಾವ ಹೂಂ ಯಾವ ಮಾತಿಂದು?"

"ಬರ್ಕೊಂಡಿಲ್ಲ. ನಿಮಗೆ ಗೊತ್ತಾಗಲ್ವಾ?"

"ಇಲ್ಲ. ಅಜ್ಜಿಗೆ ಗೊತ್ತಾಗ್ತಿತ್ತು."

ಕಾಲ ಮಿಂಚಿಹೋಗಿತ್ತು. ಹೂಂಗಳನ್ನು ಮಾತಿಗೆ ಜೋಡಿಸುವವರು ಇನ್ನು ಯಾರೂ ಇಲ್ಲ. ಅವನು ಕುರ್ಚಿ ಎಳೆದುಕೊಂಡು ಕುಳಿತ.

"ರೆಕಾರ್ಡ್ ಆಗದ ಕಥೆ ಒಂದಿದೆ. ಅರ್ಧ ಮಾತ್ರ ನೆನಪಿದೆ. ನಾನು ಕೇಳೋದು ಕಲ್ತೆ, ಹೇಳೋದು ಕಲೀಲಿಲ್ಲ."

"ಅರ್ಧಾನೇ ಹೇಳಿ."

ಅಭ್ಯಾಸಬಲದಿಂದ ಅವಳ ಕೈ ರೆಕಾರ್ಡರಿನತ್ತ ಹೋಯಿತು. ಹಿಂದಕ್ಕೆ ಎಳೆದುಕೊಂಡಳು.

ಅವನು ತನ್ನ ಭಾಷೆಯಲ್ಲಿ ಒಂದು ಮಾತು ಹೇಳಿ ನಿಲ್ಲಿಸಿದ. ಕಾದ.

"ಹೂಂ," ಎಂದಳು.

"ಅರ್ಥ ಆಯ್ತಾ?"

"ಇಲ್ಲ."

"ಮತ್ತೆ?"

"ನೀವು ನಿಲ್ಲಿಸ್ಬಾರ್ದು ಅಂತ."

"ಅರ್ಧದಲ್ಲಿ ನಿಂತೇ ನಿಲ್ಲುತ್ತೆ."

"ನಿಲ್ಲೋವರೆಗೂ ಇರ್ತೀನಿ. ನಿಂತ ಮೇಲೂ ಇರ್ತೀನಿ."

ಅವನು ಅವಳ ಕೈ ಹಿಡಿದುಕೊಂಡು ಎರಡನೆಯ ಮಾತು ಹೇಳಿದ. ಅವಳು ಕಣ್ಣೊರೆಸಿಕೊಂಡು ಮತ್ತೆ ಹೂಂ ಎಂದಳು.