ಹುಲಿ ಗುಹೆಯ ಕೆಂಪು ಗೊಂಬೆ

"ಆರು ಬಿತ್ತು! ಮಧು, ನಿನ್ನ ಕಥೆ ಮುಗೀತು! ನಡಿ ಹುಲಿ ಗುಹೆಗೆ!"

ಮೋಕ್ಷಿತ್ ತಮ್ಮ ಮನೆಯ ಜಗಲಿಯೇ ಹಾರಿಹೋಗುವಂತೆ ಕೂಗಿದ. ಮಧುಶ್ರೀ ಕಿರುಚಿಕೊಂಡು, ಒಂದು ಕೈಯಲ್ಲಿ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ತನ್ನ ಕೆಂಪು ಗೊಂಬೆಯನ್ನು ಗುಹೆಯೊಳಗೆ ಸರಿಸಿದಳು. ಸೂರ್ಯಪ್ರಕಾಶನೂ ಅವನ ತಂಗಿಯೂ ಚಪ್ಪಾಳೆ ತಟ್ಟಿದರು.

ಕಂಬಕ್ಕೆ ಒರಗಿ ನಿಂತಿದ್ದ ನಿಸರ್ಗ ಆಕಾಶ ನೋಡಿದಳು. ಆಕಾಶದಲ್ಲಿ ಏನೂ ಇರಲಿಲ್ಲ. ಆದರೂ ಅದನ್ನೇ ನೋಡಿದಳು. ಆ ಆಟದ ಕಡೆ ಕಣ್ಣೆತ್ತಿಯೂ ನೋಡಬಾರದು ಎಂದು ಬೆಳಿಗ್ಗೆಯೇ ತೀರ್ಮಾನ ಮಾಡಿದ್ದಳು.

ಅದು 'ಮಾಯಾ ಕಾಡು' ಎಂಬ ಆಟ. ದಸರಾ ರಜೆಗೆಂದು ಮೋಕ್ಷಿತನ ಅಪ್ಪ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದರು. ಬಿಚ್ಚಿದರೆ ಅರ್ಧ ಚಾಪೆಯಷ್ಟು ಅಗಲ. ಮೊಸಳೆ ಹೊಳೆ, ಮನುಷ್ಯರನ್ನು ನುಂಗುವ ಬಳ್ಳಿ, ಹುಲಿ ಗುಹೆ. ಡೈಸ್ ಉರುಳಿದರೆ 'ಗರ್ರ್' ಎಂದು ಸದ್ದು. ಡಬ್ಬದ ಮೇಲೆ ಹೀಗೆ ಬರೆದಿತ್ತು: 'ಕಾಡಿಗೆ ಹೋದವರು ಆಟ ಮುಗಿಯುವವರೆಗೆ ಹೊರಬರುವಂತಿಲ್ಲ.'

"ಮ್ಯಾಜಿಕ್ ಕಣ್ರೋ," ಎಂದಿದ್ದ ಮೋಕ್ಷಿತ್. "ನಮ್ಮ ಗೊಂಬೆ ಒಳಗೇ ಉಳ್ಕೊಂಡ್ರೆ ನಾವೂ ಒಳಗೇ!"

ಹೋದ ವಾರದವರೆಗೆ ಇವರೆಲ್ಲ ಆಡುತ್ತಿದ್ದದ್ದು ನಿಸರ್ಗಳ ಕಾಡಿನಲ್ಲಿ. ಖಾಲಿ ಗೋಣಿಚೀಲದ ಮೇಲೆ ತೆಂಗಿನ ಚಿಪ್ಪಿನ ಇದ್ದಲಿನಿಂದ ಅವಳೇ ಬರೆದ ಕಾಡು. ಡೈಸ್ ಬದಲು ನಾಲ್ಕು ಹುಣಸೆಬೀಜ. ಯಾರಾದರೂ ಗುಹೆಗೆ ಬಿದ್ದರೆ ಮುಂದೇನಾಯಿತು ಎಂದು ನಿಸರ್ಗ ಕತೆ ಹೇಳಬೇಕು. ಮಧುಶ್ರೀ ಅವಳ ತೋಳು ಹಿಡಿದುಕೊಂಡು, "ಆಮೇಲೆ? ಆಮೇಲೆ ಹೇಳೇ!" ಎನ್ನುತ್ತಿದ್ದಳು.

ಈಗ ಮಧುಶ್ರೀ ಮೋಕ್ಷಿತನ ಪಕ್ಕ ಕೂತಿದ್ದಾಳೆ. "ನಾಲ್ಕೇ ಗೊಂಬೆ ಇರೋದು ಕಣೇ. ನೀನು ನೋಡ್ತಾ ಕೂತ್ಕೋ," ಎಂದು ಮೋಕ್ಷಿತ್ ನಿಸರ್ಗಳಿಗೆ ಹೇಳಿದಾಗ ಮಧುಶ್ರೀ ಅವಳ ಪರವಾಗಿ ಒಂದು ಮಾತೂ ಆಡಲಿಲ್ಲ. ನಿಸರ್ಗಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಆಟ ನೋಡಿ ಅಲ್ಲ, ಮಧುಶ್ರೀಯನ್ನು ನೋಡಿ.

ಅಷ್ಟರಲ್ಲಿ ಹಿತ್ತಲಿನಿಂದ ಮೋಕ್ಷಿತನ ಅಮ್ಮ, "ಎಳನೀರು ಕೆಡವವ್ರೆ, ಬನ್ರೋ!" ಎಂದು ಕರೆದರು. ನಾಲ್ವರೂ ಎದ್ದು ಓಡಿದರು. ಜಗಲಿಯಲ್ಲಿ ನಿಸರ್ಗ ಮತ್ತು ಕಾಡು, ಇಬ್ಬರೇ.

ಅವಳು ಯೋಚಿಸಲಿಲ್ಲ. ಕೆಂಪು ಗೊಂಬೆ ಅವಳ ಮುಷ್ಟಿಯಲ್ಲಿತ್ತು.

ಅದನ್ನು ಬಚ್ಚಿಡಲು ತಮ್ಮ ಮನೆಯ ಕೊಟ್ಟಿಗೆ ಮೇಲಿನ ಅಟ್ಟಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಮೂಲೆಯ ಕಾಯಿಗಳ ನಡುವೆ ಗೊಂಬೆ ತುರುಕಿ, ಏಣಿ ಇಳಿದು, ಅವಳು ಏನೂ ಗೊತ್ತಿಲ್ಲದವಳಂತೆ ಊಟಕ್ಕೆ ಕೂತಳು.

ಮಾರನೆಯ ಬೆಳಿಗ್ಗೆ ಮಧುಶ್ರೀ ತಾನಾಗಿಯೇ ಬಂದಳು. ನಿಸರ್ಗ ಬೇಗಬೇಗ ಗೋಣಿಚೀಲ ಹಾಸಿದಳು. ಅಂದುಕೊಂಡ ಹಾಗೇ ಆಗಿತ್ತು. ಖುಷಿಯಾಗಬೇಕಿತ್ತು.

ಆದರೆ ಮಧುಶ್ರೀಯ ಕಣ್ಣು ಊದಿಕೊಂಡಿತ್ತು.

"ನಾನೇ ಕಳೆದ್ನಂತೆ ಕಣೇ. ಚಾಪೆ ಎಲ್ಲಾ ಕೊಡವಿದೆ. ಸಿಗಲೇ ಇಲ್ಲ. ಇನ್ಮೇಲೆ ಆಟಕ್ಕೆ ಸೇರಿಸ್ಕೊಳ್ಳಲ್ಲ ಅಂದ ಮೋಕ್ಷಿ." ಅವಳು ಹುಣಸೆಬೀಜ ಮುಟ್ಟಲಿಲ್ಲ. "ನಿಸರ್ಗ, ನಿಜ ಹೇಳು. ನಾನು ಗುಹೇಲೇ ಉಳ್ಕೊಂಡ್ನಾ?"

"ಅದೆಲ್ಲ ಸುಳ್ಳು ಬುಡೇ," ಎಂದಳು ನಿಸರ್ಗ. ಅವಳ ದನಿ ಅವಳಿಗೇ ಬೇರೆಯವರದ್ದು ಅನ್ನಿಸಿತು.

ಮಧುಶ್ರೀ ಹೋದ ಮೇಲೆ ಅವಳು ಏಣಿ ಹತ್ತಿದಳು. ಅಲ್ಲಿ ತಾತ ಶಂಭುಲಿಂಗಯ್ಯ ಆಗಲೇ ಕೂತಿದ್ದರು. ಒಣಗಿದೆಯಾ ಎಂದು ನೋಡಲು ಕಾಯಿಯನ್ನೆಲ್ಲ ಎಳೆದು ಮಗುಚಿದ್ದರು. ಗೊಂಬೆ ಬಚ್ಚಿಟ್ಟ ಮೂಲೆ ಖಾಲಿ.

"ಬಾ ಮಗ, ಕೇಳಿಲ್ಲಿ," ತಾತ ಒಂದು ಕಾಯಿಯನ್ನು ಅವಳ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದೇ ಇಲ್ಲ. "ಇದ್ರ ಕೊಬ್ಬರಿ ಇನ್ನೂ ಚಿಪ್ಪಿಗೆ ಕಚ್ಕೊಂಡದೆ. ಈಗ ಕಿತ್ರೆ ಚೂರುಚೂರಾಯ್ತದೆ." ಇನ್ನೊಂದನ್ನು ಅಲ್ಲಾಡಿಸಿದರು. ಗಡಗಡ ಎಂದಿತು. "ಇದು ಚಿಪ್ಪು ಬುಟ್ಟದೆ. ಗುಂಡಗೆ ಈಚೆ ಬತ್ತದೆ."

ನಿಸರ್ಗ ಬಿಕ್ಕಿ ಬಿಕ್ಕಿ ಅತ್ತಳು. ತಾತನಿಗೆ ಗಾಬರಿಯಾಯಿತು. ಎಲ್ಲವನ್ನೂ ಹೇಳಿದಳು. ಅವರು ಬೈಯಲೂ ಇಲ್ಲ, ಬುದ್ಧಿ ಹೇಳಲೂ ಇಲ್ಲ. ಅಟ್ಟದ ತಳದ ಬಿದಿರು ದಬ್ಬೆಗಳ ಸಂದಿಯನ್ನು ಬೆರಳಿನಿಂದ ತೋರಿಸಿದರು. "ಸಣ್ಣದೆಲ್ಲ ಕೆಳೀಕ್ ಬಿದ್ದಿರ್ತದೆ. ಕೊಟ್ಟಿಗೇಲಿ ನೋಡೋಗು."

ಗೊಂಬೆ ಸಿಕ್ಕಿತು, ಹಸುವಿನ ಮುಂದಿನ ಹುಲ್ಲಿನಲ್ಲಿ. ಹಸು ಅದನ್ನು ಒಮ್ಮೆ ಅಗಿದು ನೋಡಿ ಉಗಿದಿತ್ತು. ತಲೆ ಸ್ವಲ್ಪ ಸೊಟ್ಟಗಾಗಿತ್ತು.

ಮೋಕ್ಷಿತನ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಚಾಪೆಯ ಕೆಳಗೆ ಮೆಲ್ಲಗೆ ತುರುಕಿಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಆಟ ಶುರುವಾಗುತ್ತದೆ. ಮಧು ತನ್ನ ಫ್ರೆಂಡ್ ಆಗಿಯೇ ಇರುತ್ತಾಳೆ.

ಜಗಲಿಯ ಮೇಲೆ ಮೂವರು ಆಡುತ್ತಿದ್ದರು. ಮಧುಶ್ರೀ ಕಂಬಕ್ಕೆ ಒರಗಿ ನಿಂತು ಆಕಾಶ ನೋಡುತ್ತಿದ್ದಳು.

ನಿಸರ್ಗಳ ಕಾಲು ಅಲ್ಲೇ ನಿಂತುಬಿಟ್ಟಿತು.

"ಮಧು ಕಳೀಲಿಲ್ಲ," ಎಂದಳು. ಮುಷ್ಟಿ ಬಿಚ್ಚಿ ಗೊಂಬೆ ತೋರಿಸಿದಳು. "ನಾನು ಎತ್ಕೊಂಡು ಹೋಗಿದ್ದೆ."

ಡೈಸ್ 'ಗರ್ರ್' ಎಂದು ಸುಮ್ಮನಾಯಿತು. ಮಧುಶ್ರೀ ತಿರುಗಿದಳು. "ಬೆಳಿಗ್ಗೆ ನಾನು ಅಳ್ತಿದ್ದಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಮಧುಶ್ರೀ ಅವಳ ಕೈಯಿಂದ ಗೊಂಬೆ ಕಿತ್ತುಕೊಂಡು ಹೋಗಿ ಕೂತಳು. ಮೋಕ್ಷಿತ್, "ತಲೆ ಸೊಟ್ಟ ಮಾಡಿದೀಯ ಕಣೇ!" ಎಂದು ರೇಗಿದ. ಆಮೇಲೆ ಯಾರೂ ಅವಳ ಕಡೆ ತಿರುಗಲಿಲ್ಲ. ಕೆಂಪು ಗೊಂಬೆ ಮತ್ತೆ ಹುಲಿ ಗುಹೆಯಲ್ಲಿ ನಿಂತಿತು.

ನಿಸರ್ಗ ಹೋಗಲಿಲ್ಲ. ಕಂಬದ ಪಕ್ಕ ಕೂತು ಆಟ ನೋಡಿದಳು. ಎಷ್ಟು ಚೆನ್ನಾಗಿತ್ತು ಆ ಕಾಡು! ಬಳ್ಳಿಗಳ ಹಿಂದೆ ಒಂದು ಪುಟ್ಟ ಜಿಂಕೆ ಇತ್ತು. ಇಷ್ಟು ದಿನ ಅದು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಬಹಳ ಹೊತ್ತಾದರೂ ಮಧುಶ್ರೀಗೆ ಗುಹೆಯಿಂದ ಹೊರಬರಲು ಬೇಕಾದ 'ಒಂದು' ಬೀಳಲೇ ಇಲ್ಲ. ಅವಳು ಡೈಸನ್ನು ಉರುಳಿಸದೆ ಅಂಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹಿಂದೆ ತಿರುಗದೆಯೇ, ಇನ್ನೂ ಸಿಟ್ಟಿನ ದನಿಯಲ್ಲೇ ಕೇಳಿದಳು:

"ಹುಲಿ ಈಗ ಏನ್ ಮಾಡ್ತಿದೆ?"

ನಿಸರ್ಗ ಕಣ್ಣು ಒರೆಸಿಕೊಂಡಳು.

"ಬಾಗಿಲಿಗೆ ಅಡ್ಡ ಮಲಗಿದೆ," ಎಂದಳು ಮೆಲ್ಲಗೆ. "ನಿದ್ದೆ ಬಂದಿಲ್ಲ. ಸ್ವಲ್ಪ ಹೊತ್ತು ಕಾಯ್ಬೇಕು."